ರಜೆಯಲ್ಲಿ ಮಕ್ಕಳು ಯಾರ ಬಳಿ?

ಏಪ್ರಿಲ್ 10ರಂದು ಫಲಿತಾಂಶ ಓದಿ ಹೇಳುವುದು ನಮ್ಮ ಶಾಲೆಗಳಲ್ಲಿ ಒಂದು ಪುಟ್ಟ ಹಬ್ಬ. ‘ಪಾಸು’ ಎಂದ ಕೂಡಲೇ ಮಕ್ಕಳು ಚೀಲ ಹೆಗಲಿಗೇರಿಸಿ ಓಟ ಕಿತ್ತರೆ ಮೇ ತಿಂಗಳ ಕೊನೆಯವರೆಗೆ ಶಾಲೆಯ ಕಡೆ ತಿರುಗಿ ನೋಡುವುದಿಲ್ಲ. ಅವರು ಗೇಟು ದಾಟಿದ ಮೇಲೆ ನಾವು ಶಿಕ್ಷಕಿಯರು ಒಬ್ಬರನ್ನೊಬ್ಬರು ಕೇಳುತ್ತಿದ್ದ ಪ್ರಶ್ನೆ ಮಾತ್ರ ಪ್ರತಿ ವರ್ಷವೂ ಒಂದೇ. “ಈ ಸಲ ನಿಮ್ಮ ಮಕ್ಕಳನ್ನ ಎಲ್ಲಿ ಬಿಡ್ತೀರಿ?”

ಕೇಳಿದವರಿಗೆ ನಗು ಬರಬಹುದು. “ನಿಮಗೇನ್ರೀ ಕಷ್ಟ, ಮಕ್ಕಳಿಗೆ ರಜೆ ಅಂದ್ರೆ ನಿಮಗೂ ರಜೆ” ಎಂದು ನಮ್ಮ ಓಣಿಯ ಹೆಂಗಸರು ನನಗೆ ವರ್ಷಗಟ್ಟಲೆ ಹೇಳಿದ್ದಾರೆ. ನಾನೂ ಕೆಲಸಕ್ಕೆ ಸೇರುವಾಗ ಹಾಗೆಯೇ ನಂಬಿದ್ದೆ. ನನ್ನ ತಂದೆ ಈ ಕೆಲಸಕ್ಕೆ ನನ್ನನ್ನು ಕಳಿಸಿದ್ದೇ ಆ ಲೆಕ್ಕದ ಮೇಲೆ. ಆ ಲೆಕ್ಕ ಎಲ್ಲಿ ತಪ್ಪಿತು ಎಂಬುದನ್ನು ಹೇಳಬೇಕಾದರೆ ರಜೆಯ ಕಥೆಯನ್ನೇ ಸ್ವಲ್ಪ ಹಿಂದಿನಿಂದ ನೋಡಬೇಕು.

ನಮ್ಮ ಮುತ್ತಜ್ಜಂದಿರು ಓದಿದ ಕೂಲಿಮಠಗಳಲ್ಲಿ ಎರಡು ತಿಂಗಳ ರಜೆ ಎಂಬುದಿರಲಿಲ್ಲ. ಅಮಾವಾಸ್ಯೆ, ಹುಣ್ಣಿಮೆ, ಹಬ್ಬ ಹರಿದಿನಗಳಲ್ಲಿ ಪಾಠವಿಲ್ಲ. ಸುಗ್ಗಿ ಬಂದರೆ ಹುಡುಗರು ತಾವಾಗಿಯೇ ಹೊಲಕ್ಕೆ ಹೋಗುತ್ತಿದ್ದರು. ಸರ್ಕಾರಿ ಶಾಲೆಗಳು ಬಂದ ಮೇಲೆ ಗಂಟೆ, ಹಾಜರಿ ಪುಸ್ತಕ, ಇನ್‌ಸ್ಪೆಕ್ಟರು ಎಲ್ಲ ಬಂದ ಹಾಗೆ ಬೇಸಿಗೆ ರಜೆಯೂ ಬಂತು. ಈ ರಜೆಯನ್ನು ಬಿಸಿಲಿನ ಲೆಕ್ಕದಲ್ಲಿ ಇಟ್ಟರೇ ಹೊರತು ತಾಯಂದಿರ ಕೆಲಸದ ಲೆಕ್ಕದಲ್ಲಿ ಇಡಲಿಲ್ಲ. ತಾಯಿ ಮನೆಯಲ್ಲಿ ಇದ್ದೇ ಇರುತ್ತಾಳೆ ಎಂದು ಯಾರೂ ಬರೆಯದೆಯೇ ಎಲ್ಲರೂ ಒಪ್ಪಿಕೊಂಡಿದ್ದರು.

ನಮ್ಮ ಸೀಮೆಯಲ್ಲಿ ಈ ಮಾತು ಎಷ್ಟು ನಿಜ ಎಂಬುದನ್ನು ನಾನು ವರ್ಗಾವಣೆಯಾದ ಊರುಗಳಲ್ಲೇ ಕಂಡೆ. ಮೊದಲು ಜಗಳೂರು, ಆಮೇಲೆ ನ್ಯಾಮತಿ, ಹೊನ್ನಾಳಿ, ಈಗ ಚನ್ನಗಿರಿ. 1997ರಲ್ಲಿ ದಾವಣಗೆರೆ ಜಿಲ್ಲೆಯಾಗುವ ತನಕ ಜಗಳೂರು ಚಿತ್ರದುರ್ಗಕ್ಕೂ ಉಳಿದವು ಶಿವಮೊಗ್ಗಕ್ಕೂ ಸೇರಿದ್ದವು. ನ್ಯಾಮತಿಯಂತೂ ನಾನಿದ್ದಾಗ ಹೊನ್ನಾಳಿ ತಾಲೂಕಿನ ಒಂದು ಹೋಬಳಿ; 2017ರ ಬಜೆಟ್ಟಿನಲ್ಲಿ ಘೋಷಣೆಯಾದ 49 ಹೊಸ ತಾಲೂಕುಗಳಲ್ಲಿ ಅದೂ ಒಂದು. ಗಡಿಗಳು ಹೀಗೆ ಅತ್ತಿತ್ತ ಸರಿದವು, ಹೆಂಗಸರ ದುಡಿಮೆ ಮಾತ್ರ ಅಲ್ಲಲ್ಲೇ ಉಳಿಯಿತು.

ಜಗಳೂರು ಮಳೆಯನ್ನೇ ನಂಬಿದ ನೆಲ. ಮಳೆ ಕೈಕೊಟ್ಟ ವರ್ಷ ಗಂಡಹೆಂಡಿರು ಕಾಫಿ ಸೀಮೆಗೋ ಬೆಂಗಳೂರಿನ ಕಟ್ಟಡದ ಕೆಲಸಕ್ಕೋ ಗಂಟುಮೂಟೆ ಕಟ್ಟುತ್ತಿದ್ದರು. ಮಕ್ಕಳು ಒಂದೋ ಅವರ ಜೊತೆಗೆ, ಇಲ್ಲವೇ ಕಣ್ಣು ಮಂಜಾದ ಅಜ್ಜಿಯ ಬಳಿಗೆ. ಹೊನ್ನಾಳಿ ಕಡೆ ಭದ್ರಾ ನಾಲೆಯ ನೀರು ಬಂದ ಮೇಲೆ ಬೇಸಿಗೆಯಲ್ಲೂ ಭತ್ತ. ಶಾಲೆ ಮುಚ್ಚಿದ ಹೊತ್ತಿಗೇ ಕೊಯ್ಲು, ಗದ್ದೆಯಲ್ಲಿ ಬಗ್ಗಿದ ತಾಯಿಗೆ ತುಂಗಭದ್ರೆಯ ಮಡುವಿಗೆ ಈಜಲು ಹೋದ ಮಗನದೇ ಚಿಂತೆ. ಚನ್ನಗಿರಿಯಲ್ಲಿ ಕಷ್ಟ ದಸರಾ ರಜೆಯದು. ಅದು ಅಡಿಕೆ ಕೊಯ್ಲಿನ ಕಾಲ. ಚೇಣಿ ಹಿಡಿದವರ ಅಂಗಳದಲ್ಲಿ ಹೆಂಗಸರು ಮೆಟ್ಟುಗತ್ತಿಯ ಮುಂದೆ ಕೂತರೆ ರಾತ್ರಿಯಾದರೂ ಏಳುತ್ತಿರಲಿಲ್ಲ. ಸುಲಿದ ಅಳತೆಯ ಮೇಲೆ ಕೂಲಿ. ಯಂತ್ರಗಳು ಬಂದ ಮೇಲೆ ಕೈಸುಲಿತ ಕಡಿಮೆಯಾಗಿದೆ, ಆದರೆ ಅಂಗಳದ ಮೂಲೆಯಲ್ಲಿ ಗೋಣಿಚೀಲದ ಮೇಲೆ ಮಲಗಿದ ಮಕ್ಕಳನ್ನು ಈಗಲೂ ನೋಡಬಹುದು.

ಇಂಥ ಮಕ್ಕಳ ಬಗ್ಗೆ ಯಾರೂ ಯೋಚಿಸಲಿಲ್ಲ ಎಂದರೆ ತಪ್ಪಾದೀತು. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಆರ್. ಕಲ್ಯಾಣಮ್ಮನವರು 1938ರಲ್ಲಿ ಮಕ್ಕಳ ಕೂಟವನ್ನು ಕಟ್ಟಿದರು. ಬಾಲವಿಧವೆಯಾಗಿ ‘ಸರಸ್ವತಿ’ ಪತ್ರಿಕೆಯನ್ನು ನಡೆಸಿದ ಆ ತಾಯಿ, ಶಾಲೆ ಬಿಟ್ಟ ಹೊತ್ತಿನಲ್ಲಿ ಮಕ್ಕಳು ಹಾಡಿ ಆಡಿ ಬೆಳೆಯಲು ಒಂದು ಜಾಗ ಬೇಕು ಎಂದು ಕಂಡುಕೊಂಡರು. ಮಹಾರಾಷ್ಟ್ರದ ಬೋರ್ಡಿಯಲ್ಲಿ 1945ರಲ್ಲಿ ಕೆಲಸ ಆರಂಭಿಸಿದ ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್ ಇನ್ನೊಂದು ಸತ್ಯ ಕಂಡರು. ಬಡವರ ಮನೆಯ ದೊಡ್ಡ ಮಕ್ಕಳು ಶಾಲೆಗೆ ಬಾರದಿರುವುದಕ್ಕೆ ಕಾರಣ ಅವರ ಸೊಂಟದ ಮೇಲಿನ ತಮ್ಮ ತಂಗಿಯರು. ಅದಕ್ಕೇ ಅವರು ಕೂಸುಗಳ ಮನೆ, ಬಾಲವಾಡಿ, ಪ್ರಾಥಮಿಕ ಶಾಲೆ ಮೂರನ್ನೂ ಒಟ್ಟಿಗೆ ಸೇರಿಸಿ ‘ವಿಕಾಸವಾಡಿ’ ನಡೆಸಿದರು.

ಸರ್ಕಾರವೂ ಕೈಹಾಕಿತು. 1948ರ ಕಾರ್ಖಾನೆ ಕಾಯ್ದೆ, 1951ರ ತೋಟ ಕಾರ್ಮಿಕರ ಕಾಯ್ದೆ ಎರಡೂ ಹೆಣ್ಣಾಳುಗಳು ಹೆಚ್ಚಿದ್ದಲ್ಲಿ ಕೂಸುಗಳಿಗೊಂದು ಕೋಣೆ ಬೇಕೆಂದವು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಅಂಗನವಾಡಿ ಯೋಜನೆ ಶುರುವಾಯಿತು. ನಮ್ಮ ರಾಜ್ಯದಲ್ಲಿ ಮೊದಲು ಟಿ. ನರಸೀಪುರದಲ್ಲಿ. ಉದ್ಯೋಗ ಖಾತ್ರಿಗೆ ಹೋಗುವ ತಾಯಂದಿರ ಮೂರು ವರ್ಷದೊಳಗಿನ ಕೂಸುಗಳಿಗೆ 4,000 ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವ ಮಾತು 2023ರ ಬಜೆಟ್ಟಿನಲ್ಲಿ ಬಂತು. ಎಲ್ಲವೂ ಒಳ್ಳೆಯದೇ. ಆದರೆ ಇವೆಲ್ಲ ಆರು ವರ್ಷಕ್ಕೆ ನಿಂತುಬಿಡುತ್ತವೆ. ಆರು ದಾಟಿದ ಮಗುವಿಗೆ ಶಾಲೆಯಿದೆ, ಶಾಲೆಯಲ್ಲಿ ಬಿಸಿಯೂಟವೂ ಇದೆ. ಶಾಲೆ ಮುಚ್ಚಿದರೆ? ಆರರಿಂದ ಹನ್ನೆರಡರ ಮಗು ರಜೆಯಲ್ಲಿ ಯಾರ ಲೆಕ್ಕಕ್ಕೂ ಸೇರುವುದಿಲ್ಲ.

ಆ ಲೆಕ್ಕ ತುಂಬಿಸಿದ್ದು ಅಜ್ಜಿಯ ಮನೆ. ಹಪ್ಪಳ ಕಾಯುವುದು, ಮಾವಿನಕಾಯಿ ಕದಿಯುವುದು ಎಂದು ನಾವೆಲ್ಲ ಅಕ್ಕರೆಯಿಂದ ನೆನೆಯುವ ಆ ರಜೆಯಲ್ಲಿ ಏಳೆಂಟು ಮೊಮ್ಮಕ್ಕಳಿಗೆ ದಿನಕ್ಕೆ ಮೂರು ಹೊತ್ತು ರೊಟ್ಟಿ ಬಡಿದ ಅಜ್ಜಿಯನ್ನೂ ಒಲೆಯ ಮುಂದಿದ್ದ ಅತ್ತಿಗೆಯನ್ನೂ ಯಾರಾದರೂ ಕೇಳಿದ್ದೇವೆಯೇ? ಜನಗಣತಿಯ ಲೆಕ್ಕದಲ್ಲಿ ಮನೆಗೆಲಸವೊಂದನ್ನೇ ಮಾಡುವವರು ‘ಕೆಲಸಗಾರರಲ್ಲ’. 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ ನಮ್ಮ ದೇಶದಲ್ಲಿ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಅದಕ್ಕೆಂದು 299 ನಿಮಿಷ ಕೊಡುತ್ತಾರೆ, ಮಾಡುವ ಗಂಡಸರು 97 ನಿಮಿಷ ಎಂದು ಕಂಡುಬಂತು. ನಿಮಿಷ ಎಣಿಸಿದ್ದೇ ಈಚೆಗೆ.

ಇನ್ನು ನಮ್ಮ ರಜೆ. ಶಿಕ್ಷಕರಿಗೆ ಬೇಸಿಗೆ, ದಸರಾ ಬಿಡುವು ಉಂಟೆಂದು ಗಳಿಕೆ ರಜೆಯನ್ನು ವರ್ಷಕ್ಕೆ ಹತ್ತೇ ದಿನಕ್ಕೆ ಇಳಿಸಿದ್ದಾರೆ. ಆದರೆ ಸರ್ಕಾರಕ್ಕೆ ಮನೆಮನೆಗೆ ಹೋಗುವವರು ಬೇಕಾದಾಗಲೆಲ್ಲ ಆ ಬಿಡುವೇ ಕಣ್ಣಿಗೆ ಬೀಳುತ್ತದೆ. 2004, 2009, 2014, 2019, 2024ರ ಲೋಕಸಭಾ ಚುನಾವಣೆಗಳು ಬೇಸಿಗೆಯಲ್ಲಿ. 2008, 2013, 2018, 2023ರ ವಿಧಾನಸಭಾ ಚುನಾವಣೆಗಳು ಮೇ ತಿಂಗಳಲ್ಲಿ. 2015ರ ಏಪ್ರಿಲ್‌ನಲ್ಲಿ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ. ಅದೇ ಬಗೆಯ ಇನ್ನೊಂದು ಸಮೀಕ್ಷೆ 2025ರ ದಸರಾ ರಜೆಯಲ್ಲಿ; ಅದಕ್ಕಾಗಿ ರಜೆಯನ್ನು ಅಕ್ಟೋಬರ್ 18ರವರೆಗೆ ಮುಂದುವರಿಸಿದರು. ಮಕ್ಕಳಿಗೆ ರಜೆ ಹೆಚ್ಚಿತು, ಅವರ ಟೀಚರಮ್ಮನ ಮಕ್ಕಳನ್ನು ನೋಡಿಕೊಳ್ಳುವವರ ಪಾಡೂ ಹೆಚ್ಚಿತು.

ನಾನು ಹೇಳಬೇಕೆಂದಿರುವುದು 2010ರ ಮಾತು. ಆ ವರ್ಷ ಏಪ್ರಿಲ್ 1ರಂದು ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂತು. ಆರರಿಂದ ಹದಿನಾಲ್ಕು ವರ್ಷದ ಪ್ರತಿ ಮಗುವೂ ಶಾಲೆಯಲ್ಲಿರಬೇಕು ಎಂಬ ಆ ಕಾಯ್ದೆಯಲ್ಲೇ, ಶಿಕ್ಷಕರನ್ನು ಬೇರೆ ಕೆಲಸಕ್ಕೆ ಹಚ್ಚಬಾರದು, ಆದರೆ ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ಚುನಾವಣೆ, ಪ್ರಕೃತಿ ವಿಕೋಪದ ಕೆಲಸಕ್ಕೆ ಹಚ್ಚಬಹುದು ಎಂದಿದೆ. ಅದೇ ಏಪ್ರಿಲ್, ಮೇನಲ್ಲಿ 2011ರ ಜನಗಣತಿಗಾಗಿ ಮನೆಪಟ್ಟಿ. ನಾನಾಗ ನ್ಯಾಮತಿ ಹೋಬಳಿಯಲ್ಲಿದ್ದೆ. ಮಗಳಿಗೆ ಹತ್ತು, ಮಗನಿಗೆ ಏಳು. ನಮ್ಮ ತಾಯಿ ತೀರಿಕೊಂಡಿದ್ದರು, ಅತ್ತೆಯವರು ಕಣ್ಣಿನ ಪೊರೆ ತೆಗೆಸಿಕೊಂಡು ಹಸಿರು ಪಟ್ಟಿ ಕಟ್ಟಿಕೊಂಡಿದ್ದರು. ಯಜಮಾನರು ಬೆಳಗಿನ ಬಸ್ಸಿಗೆ ದಾವಣಗೆರೆಯ ಆಫೀಸಿಗೆ ಹೋಗುತ್ತಿದ್ದರು. ‘ಮಕ್ಕಳನ್ನು ಎಲ್ಲಿ ಬಿಟ್ಟು ಬಂದಿರಿ’ ಎಂದು ಆ ಆಫೀಸಿನಲ್ಲಿ ಅವರನ್ನು ಯಾರೂ ಕೇಳಲಿಲ್ಲ. ಕೇಳಬೇಕೆಂದು ನನಗೂ ಆಗ ಹೊಳೆಯಲಿಲ್ಲ.

ನಾನು ಕರೆದದ್ದು ನಮ್ಮದೇ ಶಾಲೆಯಲ್ಲಿ ಏಳನೇ ತರಗತಿ ಮುಗಿಸಿದ್ದ ಒಬ್ಬ ಹುಡುಗಿಯನ್ನು. ಹನ್ನೆರಡು ವರ್ಷ, ಚುರುಕು ಹುಡುಗಿ, ಗುಂಡನೆಯ ಅಕ್ಷರ. ಅವಳ ತಾಯಿ ಕೂಲಿಗೆ ಹೋಗುವಾಕೆ. “ಮೇಡಂ ಮನೆ ಅಂದ್ರೆ ಇನ್ನೇನು, ನಾಕು ಅಕ್ಷರನೂ ಕಲೀತಾಳೆ” ಎಂದು ಆಕೆ ಸಂತೋಷದಿಂದಲೇ ಕಳಿಸಿದಳು. ಆ ಹುಡುಗಿ ನೋಡಿಕೊಳ್ಳುತ್ತಿದ್ದ ಪುಟ್ಟ ತಮ್ಮ ಪಕ್ಕದ ಮನೆಯ ಮುದುಕಿಯ ಪಾಲಾದ. ನಾನು ಬಿಸಿಲಲ್ಲಿ ಮನೆಮನೆ ತಿರುಗಿ ಗೋಡೆ ಯಾವುದರದು, ನೀರು ಎಲ್ಲಿಯದು, ಟಿ.ವಿ. ಇದೆಯೇ ಎಂದು ಬರೆದುಕೊಳ್ಳುತ್ತಿದ್ದೆ. ಅವಳು ನನ್ನ ಮಕ್ಕಳಿಗೆ ಅನ್ನ ಹಾಕಿ, ಜಡೆ ಹೆಣೆದು, ಜಗಳ ಬಿಡಿಸುತ್ತಿದ್ದಳು. ರಜೆ ಮುಗಿದಾಗ ಎರಡು ಜೊತೆ ಬಟ್ಟೆ, 500 ರೂಪಾಯಿ ಕೊಟ್ಟು ಬೆನ್ನು ತಟ್ಟಿ ಕಳಿಸಿದೆ. ಉಪಕಾರ ಮಾಡಿದ ಭಾವನೆ ನನಗೆ.

ಜೂನ್‌ನಲ್ಲಿ ಅವಳು ಎಂಟನೇ ತರಗತಿಗೆ ಸೇರಲಿಲ್ಲ. ಹುಡುಕಿಕೊಂಡು ಹೋದರೆ ತಾಯಿ ಹೇಳಿದಳು, “ನಿಮ್ಮನೇಲಿ ಚೆನ್ನಾಗಿ ನೋಡ್ಕೊಂಡ್ಲಂತಲ್ಲ ಮೇಡಂ, ಅದನ್ನ ಕೇಳಿ ಇನ್ನೊಂದು ಮನೆಯೋರು ಶಿವಮೊಗ್ಗಕ್ಕೆ ಕರ್ಕೊಂಡು ಹೋದ್ರು.” ಎರಡು ಸಲ ಹೋದೆ, ಟಿ.ಸಿ. ನಾನೇ ಕಟ್ಟಿಸುತ್ತೇನೆಂದೆ. ಅವಳು ಬರಲಿಲ್ಲ. ಹದಿನಾಲ್ಕರೊಳಗಿನ ಮಕ್ಕಳನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದು 2006ರ ಅಕ್ಟೋಬರ್‌ನಿಂದಲೇ ಅಪರಾಧ. ಅದನ್ನು ಗೋಡೆಗೆ ಅಂಟಿಸಿದ್ದ ಶಾಲೆಯಲ್ಲೇ ನಾನು ಪಾಠ ಮಾಡುತ್ತಿದ್ದೆ. ನನ್ನ ಮಗಳ ರಜೆಯನ್ನು ಕಾಪಾಡಲು ನಾನು ಇನ್ನೊಬ್ಬಳ ಮಗಳ ಶಾಲೆಯನ್ನು ತೆಗೆದುಕೊಂಡಿದ್ದೆ. ತಾರಾಬಾಯಿಯವರು ಕಂಡ ಸೊಂಟದ ಮೇಲಿನ ಮಗು ನನ್ನದೇ ಆಗಿತ್ತು.

ಆಮೇಲೆ ಕೆಲವು ಬದಲಾವಣೆಗಳಾದವು. ನಮ್ಮ ರಾಜ್ಯದ ಸರ್ಕಾರಿ ಮಹಿಳಾ ನೌಕರರಿಗೆ ಇಡೀ ಸೇವೆಯಲ್ಲಿ 180 ದಿನದ ಶಿಶುಪಾಲನಾ ರಜೆ 2021ರಲ್ಲಿ ಬಂತು. ಮಕ್ಕಳಿಗೆ ಹದಿನೆಂಟು ತುಂಬುವ ತನಕ ತೆಗೆದುಕೊಳ್ಳಬಹುದು. ನನ್ನ ಕಿರಿಯವನಿಗೆ ಆ ವರ್ಷವೇ ಹದಿನೆಂಟು ತುಂಬಿತು! ಕಿರಿಯ ಶಿಕ್ಷಕಿಯರಿಗೆ ಸಿಕ್ಕಿತಲ್ಲ ಎಂದು ನನಗೆ ಸಂತೋಷವೇ. ಆದರೆ ಬಿಸಿಯೂಟ ಬೇಯಿಸುವ ಅಮ್ಮನಿಗೆ, ಅಡಿಕೆ ಸುಲಿಯುವ ಹೆಂಗಸಿಗೆ ಯಾವ ರಜೆ?

ಅವರಿಗಾಗಿ ಆದ ಒಂದು ಕೆಲಸವೆಂದರೆ ಬರಗಾಲದ ಊಟ. ಬರಪೀಡಿತ ಪ್ರದೇಶಗಳಲ್ಲಿ ಬೇಸಿಗೆ ರಜೆಯಲ್ಲೂ ಮಕ್ಕಳಿಗೆ ಮಧ್ಯಾಹ್ನದ ಊಟ ಕೊಡಬೇಕೆಂದು ಸುಪ್ರೀಂ ಕೋರ್ಟ್ 2004ರ ಏಪ್ರಿಲ್‌ನಲ್ಲಿ ಹೇಳಿತು. 2024ರಲ್ಲಿ ರಾಜ್ಯದ 223 ಬರಪೀಡಿತ ತಾಲೂಕುಗಳಲ್ಲಿ ಏಪ್ರಿಲ್ 11ರಿಂದ ಮೇ 28ರವರೆಗೆ 41 ದಿನ ಶಾಲೆಯ ಒಲೆ ಉರಿಯಿತು. ಜಗಳೂರು ಕಡೆಯ ಗೆಳತಿಯೊಬ್ಬರು ಆಗ ಹೇಳಿದ ಮಾತು ನನಗೆ ಮರೆಯುವುದಿಲ್ಲ. “ಊಟಕ್ಕೆ ಅಂತ ಬಂದ ಮಕ್ಕಳು ಉಂಡು ಮನೆಗೆ ಹೋಗಲ್ಲ ಕಣ್ರೀ, ಜಗುಲಿ ಮೇಲೆ ಸಂಜೆ ತನಕ ಇರ್ತಾವೆ. ನೆರಳಿದೆ, ನೀರಿದೆ, ಜೊತೆಗೆ ಮಕ್ಕಳಿದಾವೆ.” ಬರಗಾಲ ಬಂದ ಮೇಲೆ ತೆರೆದ ಆ ಜಗುಲಿ ಒಳ್ಳೆಯ ಮಳೆಯಾದ ವರ್ಷ ಏಕೆ ಮುಚ್ಚಿರಬೇಕು? ಪಂಚಾಯಿತಿಯ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ, ಅಲ್ಲಿ ಬೇಸಿಗೆ ಶಿಬಿರಗಳೂ ನಡೆದಿವೆ. ಅಲ್ಲೊಬ್ಬ ಹೆಂಗಸಿಗೆ ಸರಿಯಾದ ಸಂಬಳ ಕೊಟ್ಟು, ಶಾಲೆಯ ಒಲೆಯನ್ನೂ ಹಚ್ಚಿದರೆ ರಜೆಯ ಅರ್ಧ ಚಿಂತೆ ಕಳೆಯುತ್ತದೆ.

ಹೋದ ವರ್ಷ ಹೊನ್ನಾಳಿ ಬಸ್‌ಸ್ಟ್ಯಾಂಡಿನಲ್ಲಿ ಯಾರೋ “ಮೇಡಂ” ಎಂದು ಕರೆದರು. ಅದೇ ಹುಡುಗಿ, ಕಂಕುಳಲ್ಲಿ ಮೂರು ವರ್ಷದ ಮಗು. ಕೋಪ ಮುನಿಸು ಏನೂ ಇಲ್ಲ. “ನಿಮ್ಮ ಮಕ್ಕಳು ಏನು ಓದ್ತಿದಾರೆ ಮೇಡಂ?” ಎಂದು ಕೇಳಿದಳು. ಮಗಳು ಎಂಜಿನಿಯರಾಗಿದ್ದಾಳೆ ಎಂದು ಹೇಳುವಾಗ ನನ್ನ ದನಿ ತಗ್ಗಿತು. ತಾನು ದಿನಗೂಲಿಗೆ ಹೋಗುತ್ತೇನೆ ಎಂದಳು.

“ರಜೇಲಿ ಮಕ್ಕಳನ್ನ ಯಾರ ಹತ್ರ ಬಿಡ್ತೀಯಮ್ಮ?” ಎಂದೆ.

“ದೊಡ್ಡವಳು ಇದಾಳಲ್ಲ ಮೇಡಂ. ಎಂಟು ವರ್ಷ ಆಯ್ತು, ಎಲ್ಲ ನೋಡ್ಕೊತಾಳೆ.”

ದೊಡ್ಡವಳ ಶಾಲೆ ಬಿಡಿಸಬೇಡ, ನಿಮ್ಮೂರಿನ ಅರಿವು ಕೇಂದ್ರದಲ್ಲಿ ರಜೆಗೆ ಏನು ಮಾಡುತ್ತಾರೆ ವಿಚಾರಿಸು ಎಂದು ಹೇಳಿದೆ. ಯಾವ ಬಾಯಲ್ಲಿ ಹೇಳಿದೆನೋ. “ಆಗ್ಲಿ ಮೇಡಂ, ಕೇಳಿ ನೋಡ್ತೀನಿ” ಎಂದಳು. ಅಷ್ಟರಲ್ಲಿ ಅವಳ ಬಸ್ಸು ಬಂತು. ಮಗುವನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡು ಹತ್ತಿದಳು.