ಸಿಕ್ಸ್ತ್ ಫಾರ್ಮ್ ಅಂದ್ರ ಏನು, ಹೆಣ್ಣಮಕ್ಕಳಿಗೆ ಅದು ಹೆಂಗ ಸಿಕ್ತು

ನಮ್ಮ ಹುಡುಗಿ ಈ ಬ್ಯಾಸಗಿಗೆ ಇಲ್ಲೆ ಇಂಗ್ಲಂಡಿನ್ಯಾಗ ಜಿಸಿಎಸ್ಇ ಪರೀಕ್ಷಾ ಬರೀತಾಳ, ಸೆಪ್ಟೆಂಬರಿಗೆ ಸಿಕ್ಸ್ತ್ ಫಾರ್ಮ್ ಸೇರತಾಳ. ಇದನ್ನ ಹೇಳಿದಾಗೊಮ್ಮೆ ಹುಬ್ಬಳ್ಳಿಯಿಂದ ವೈನಿ, ಧಾರವಾಡದಿಂದ ಮಾವಶಿ ಎಲ್ಲಾರೂ ಕೇಳೋದು ಒಂದೇ: “ಸಿಕ್ಸ್ತ್ ಅಂದ್ರ ಆರನೇತ್ತಾ ಅಲ್ಲೇನ? ಹತ್ತನೇತ್ತಾ ದಾಟಿದಾಕಿ ತಿರಗಿ ಆರನೇತ್ತಾಕ್ಕ ಯಾಕ?” ಒಬ್ಬೊಬ್ಬರಿಗೆ ಫೋನಿನ್ಯಾಗ ಹೇಳೋಕಿಂತ ಒಮ್ಮೆ ಬರದೇ ಬಿಡತೇನಿ.

ಇಲ್ಲಿನ ಹಳೇ ಲೆಕ್ಕದಾಗ 11ನೇ ವಯಸ್ಸಿಗೆ ಹೈಸ್ಕೂಲಿಗೆ ಬಂದ ಮಕ್ಕಳದು ಫಸ್ಟ್ ಫಾರ್ಮ್. ಹಂಗ ಎಣಿಸಿಕೋತ ಹೋದ್ರ 16ಕ್ಕ ಐದನೇ ಫಾರ್ಮ್ ಮುಗೀತದ. ಅದರ ಮ್ಯಾಲಿನ ಎರಡೂ ವರ್ಷ ಕೂಡಿ ಸಿಕ್ಸ್ತ್ ಫಾರ್ಮ್. ಈಗ ತರಗತಿಗಳನ್ನ ಇಯರ್ 7ರಿಂದ ಇಯರ್ 13 ಅಂತ ಎಣಸ್ತಾರ, ಆದ್ರ ಕಡೀ ಎರಡು ವರ್ಷಕ್ಕ ಹಳೇ ಹೆಸರೇ ಉಳಕೊಂಡದ. ನಮ್ಮ ಪಿಯುಸಿ ಇದ್ದಂಗ ಅಂತ ತಿಳಕೋರಿ.

ಒಂದು ಫರಕು ಮಾತ್ರ ಭಾಳ ದೊಡ್ಡದದ. ಇಲ್ಲೆ ಹೆಚ್ಚಿನ ಮಕ್ಕಳು ಓದೋದು ಮೂರೇ ವಿಷಯ. 1951ರ ತನಕಾ ಇದ್ದ ಹೈಯರ್ ಸ್ಕೂಲ್ ಸರ್ಟಿಫಿಕೇಟಿನೊಳಗ ವಿಷಯಗಳ ಗುಂಪಿಗೇ ಪಾಸಾಗಬೇಕಿತ್ತು. ಆ ವರ್ಷ ಎ-ಲೆವೆಲ್ ಬಂತು, ಒಂದೊಂದು ವಿಷಯಕ್ಕ ಬ್ಯಾರೆ ಬ್ಯಾರೆ ಪರೀಕ್ಷಾ ಆತು. ಸ್ವಾತಂತ್ರ್ಯ ಸಿಕ್ತು ಖರೇ, ಆದ್ರ 16ನೇ ವಯಸ್ಸಿನ್ಯಾಗ ಗಣಿತ, ಫಿಜಿಕ್ಸ್ ಬಿಟ್ಟ ಹುಡುಗಿಗೆ ಮುಂದ ಎಂಜಿನಿಯರಿಂಗ್ ಬಾಗಲಾ ಹೆಚ್ಚುಕಡಿಮಿ ಮುಚ್ಚಿಧಂಗ. ಅದಕ್ಕ ಇಲ್ಲೆ ಕಾಲೇಜು ಆರಿಸೋದಂದ್ರ ಬರೇ ಕಟ್ಟಡಾ ಆರಿಸೋದಲ್ಲ, ಅಲ್ಲೆ ಯಾವ ಮೂರು ವಿಷಯ ಸಿಗತಾವ ಅನ್ನೋದನ್ನ ಆರಿಸೋದು.

ಈ ಆರಿಸೋ ಭಾಗ್ಯ ಇಲ್ಲಿನ ಹುಡುಗ್ಯಾರಿಗೂ ಸುಮ್ಮನ ಬಂದಿಲ್ಲ. ನಾವೆಲ್ಲಾ ಇಂಗ್ಲಂಡ್ ಅಂದ್ರ ಹೆಣ್ಣಮಕ್ಕಳು ಮೊದಲಿಂದಲೂ ಓದಿಕೋತ ಬಂದ್ರು ಅಂತ ತಿಳಕೊಂಡಿರತೇವಿ. ಹಂಗಿಲ್ಲ. ಕೇಂಬ್ರಿಡ್ಜ್ ಯುನಿವರ್ಸಿಟಿ ಸಾಲಿ ಮಕ್ಕಳಿಗೆ ನಡಸೋ ಪರೀಕ್ಷಾಕ್ಕ ಹುಡುಗ್ಯಾರನ್ನೂ ಕೂಡಸ್ರಿ ಅಂತ ಎಮಿಲಿ ಡೇವೀಸ್ ಅನ್ನೋ ಹೆಣ್ಣಮಗಳು ಬೆನ್ನು ಹತ್ತಿದಳು. 1863ರ ಡಿಸೆಂಬರಿನ್ಯಾಗ, ಪ್ರಯೋಗ ಅಂತ ಹೇಳಿ, 83 ಹುಡುಗ್ಯಾರು ಬರದರು. ತಯಾರಿಗೆ ಸಿಕ್ಕದ್ದು ಆರೇ ವಾರ. ಬ್ಯಾರೆ ವಿಷಯದಾಗ ಛೊಲೋ ಮಾಡಿದರೂ ಗಣಿತದಾಗ ಭಾಳ ಮಂದಿ ಫೇಲಾದರು.

ಹುಡುಗ್ಯಾರಿಗೆ ಗಣಿತ ತಲಿಗೆ ಹತ್ತೂದಿಲ್ಲ ಅಂತ ಅಲ್ಲಿಗೇ ಕೈ ಬಿಡಬಹುದಿತ್ತು. ಆದ್ರ ಲಂಡನ್ನಿನ್ಯಾಗ 1850ರಾಗ ಹುಡುಗ್ಯಾರ ಸಾಲಿ ತಗದಿದ್ದ ಫ್ರಾನ್ಸಿಸ್ ಮೇರಿ ಬಸ್ ಹಂಗ ಮಾಡಲಿಲ್ಲ. ಆಕಿ ತನ್ನ ಸಾಲಿಯೊಳಗ ಗಣಿತ ಕಲಿಸೋ ರೀತಿನೇ ಸುಧಾರಿಸಿದಳು. ಎರಡು ವರ್ಷದಾಗ, 1865ಕ್ಕ, ಆ ಪರೀಕ್ಷಾ ಹುಡುಗ್ಯಾರಿಗೂ ಕಾಯಂ ತೆರೀತು. ಅಂದ್ರ ಕೊರತಿ ಇದ್ದದ್ದು ಹುಡುಗ್ಯಾರ ತಲಿಯೊಳಗಲ್ಲ, ಕಲಿಸೋದರೊಳಗ. ನನಗ ಈ ಇಡೀ ಇತಿಹಾಸದಾಗ ಎಲ್ಲಾಕ್ಕಿಂತ ದೊಡ್ಡ ಮಾತು ಇದೇ.

ಆಮ್ಯಾಲೂ ಹಾದಿ ಸರಳ ಇರಲಿಲ್ಲ. 1944ರ ಶಿಕ್ಷಣ ಕಾಯ್ದೆಯಿಂದ ಸರಕಾರಿ ಹೈಸ್ಕೂಲಿಗೆ ಫೀ ಹೋತು, ಆದ್ರ 11ನೇ ವಯಸ್ಸಿಗೇ ಒಂದು ಪರೀಕ್ಷಾ ಮಾಡಿ ಗ್ರಾಮರ್ ಸ್ಕೂಲಿಗೆ ಯಾರು ಅಂತ ಸೋಸಿ ತಗೀತಿದ್ದರು. ಸಿಕ್ಸ್ತ್ ಫಾರ್ಮ್ ಇರತಿದ್ದದ್ದು ಹೆಚ್ಚಾಗಿ ಅಲ್ಲೇ. ಎಷ್ಟೋ ಕಡೆ ಗ್ರಾಮರ್ ಸ್ಕೂಲಿನ ಸೀಟು ಹುಡುಗ್ಯಾರಿಗೆ ಕಡಿಮಿ. ಬರ್ಮಿಂಗಹ್ಯಾಮಿನ್ಯಾಗ 1980ರ ದಶಕದಾಗ ಸುದ್ದಾ ವರ್ಷಕ್ಕ ಹುಡುಗರಿಗೆ 540 ಸೀಟು, ಹುಡುಗ್ಯಾರಿಗೆ 360. ಇದು ಕೋರ್ಟಿಗೆ ಹೋಗಿ, 1989ರಾಗ ಅಲ್ಲಿನ ಅತ್ಯುನ್ನತ ನ್ಯಾಯಪೀಠ “ಇದು ಭೇದಭಾವ” ಅಂತ ತೀರ್ಪು ಕೊಡ್ತು. 1989 ಅಂದ್ರ ನಾವೆಲ್ಲಾ ಎರಡು ಜಡಿ ಹಾಕ್ಕೊಂಡು ಸಾಲಿಗೆ ಹೋಗತಿದ್ದ ಕಾಲ!

ಇನ್ನ “ಸಿಕ್ಸ್ತ್ ಫಾರ್ಮ್ ಕಾಲೇಜು” ಅನ್ನೋದು ಹುಟ್ಟಿದ್ದು ಬ್ಯಾರೆ ಕಾರಣಕ್ಕ. 1965ರಾಗ ಸರಕಾರ ಎಲ್ಲಾ ಮಕ್ಕಳಿಗೂ ಒಂದೇ ತರದ ಹೈಸ್ಕೂಲು ಮಾಡ್ರಿ ಅಂತ ಸುತ್ತೋಲೆ ಕಳಸ್ತು. ಆಗ ತೊಡಕು ಬಂತು: ಒಂದೊಂದು ಸಾಲಿಯೊಳಗ ಹದಿನೈದು ಇಪ್ಪತ್ತು ಮಂದಿ ಅಷ್ಟೇ ಮ್ಯಾಲಿನ ತರಗತಿಗೆ ಉಳದ್ರ, ಫಿಜಿಕ್ಸಿಗೆ ಇಬ್ಬರು, ಫ್ರೆಂಚಿಗೆ ಒಬ್ಬರು ಅಂದ್ರ ಮಾಸ್ತರನ್ನ ಇಡೋದು ಹೆಂಗ? ಮನಿಗೊಂದು ಒಲಿ ಹೊತ್ತಸೋಕಿಂತ ಓಣಿಗೆಲ್ಲಾ ಕೂಡಿ ಒಂದೇ ಅಡಿಗಿ ಮಾಡಿಧಂಗ, ಊರಿನ ಎಲ್ಲಾ ಸಾಲಿಯ 16 ದಾಟಿದ ಮಕ್ಕಳನ್ನ ಒಂದೇ ಕಾಲೇಜಿಗೆ ಕಳಸೋದು ಅಂತ ಆತು. 1966ರಾಗ ಲೂಟನ್ ಊರಿನ ಗ್ರಾಮರ್ ಸ್ಕೂಲು ಹಿಂಗ ಬದಲಾತು. 1974ರಾಗ ಕೇಂಬ್ರಿಡ್ಜಿನ ಹುಡುಗರ ಹೈಸ್ಕೂಲು ಹಿಲ್ಸ್ ರೋಡ್ ಕಾಲೇಜ್ ಆತು, ಹುಡುಗ್ಯಾರ ಹೈಸ್ಕೂಲು ಲಾಂಗ್ ರೋಡ್ ಕಾಲೇಜ್ ಆತು, ಎರಡರೊಳಗೂ ಹುಡುಗಾ ಹುಡುಗಿ ಕೂಡೇ ಓದೋದು ಶುರು ಆತು.

ಇಷ್ಟೆಲ್ಲಾ ಓದಿದ್ದು ಯಾಕಂದ್ರ ನಮ್ಮ ಮನಿಯೊಳಗೂ ಇದೇ ತಕರಾರು. ಆಕಿ ಈಗ ಹೋಗೋ ಸಾಲಿಯೊಳಗ ಸಿಕ್ಸ್ತ್ ಫಾರ್ಮ್ ಅದ, ಮನಿಯಿಂದ ಹತ್ತು ಮಿನಿಟು. ಎರಡು ಬಸ್ಸು ಹತ್ತಿ ಹೋಗೋ ದೂರದಾಗ ಒಂದು ಕಾಲೇಜು ಅದ. ಆಕಿಗೆ ಬೇಕಾದದ್ದು ಫಿಜಿಕ್ಸ್, ಗಣಿತ, ಅದರ ಜೋಡಿ ಹೆಚ್ಚಿನ ಗಣಿತ. ಸಾಲಿಯೊಳಗ ಹೆಚ್ಚಿನ ಗಣಿತ ಮಕ್ಕಳು ಸಾಕಷ್ಟು ಬಂದ ವರ್ಷ ಅಷ್ಟೇ ನಡಸ್ತಾರ. ಹೋದ ವರ್ಷ ಫಿಜಿಕ್ಸ್ ಕ್ಲಾಸಿನ್ಯಾಗ ಹುಡುಗಿ ಅಂತ ಇದ್ದಾಕಿ ಒಬ್ಬಾಕಿನೇ. ಇದು ಇದೊಂದೇ ಸಾಲಿ ಕಥಿ ಅಲ್ಲ. ಇನ್‌ಸ್ಟಿಟ್ಯೂಟ್ ಆಫ್ ಫಿಜಿಕ್ಸ್ 2012ರಾಗ ಒಂದು ವರದಿ ತಗೀತು: 2011ರಾಗ ಇಂಗ್ಲಂಡಿನ ಹುಡುಗಾ ಹುಡುಗಿ ಕೂಡಿ ಓದೋ ಸರಕಾರಿ ಸಾಲಿಗಳೊಳಗ 49% ಸಾಲಿಗಳಿಂದ ಎ-ಲೆವೆಲ್ ಫಿಜಿಕ್ಸಿಗೆ ಒಬ್ಬ ಹುಡುಗಿನೂ ಹೋಗಿರಲಿಲ್ಲ. ಬರೇ ಹುಡುಗ್ಯಾರ ಸಾಲಿಗಳಿಂದ ಹೋಗೋರ ಪ್ರಮಾಣ ಇದಕ್ಕಿಂತ ಎಷ್ಟೋ ಹೆಚ್ಚು. ಫ್ರಾನ್ಸಿಸ್ ಬಸ್ ಕಾಲದ ಮಾತೇ ನೋಡ್ರಿ ಇದು.

ನಮ್ಮ ಮನಿಯವರಿಗೆ ಹತ್ತರದ ಸಾಲಿನೇ ಛೊಲೋ ಅನಸ್ತದ. ಥಂಡಿ ದಿನದಾಗ ಸಂಜಿ ನಾಕಕ್ಕ ಕತ್ತಲಾಗೋ ದೇಶ, ಹುಡುಗಿ ಒಬ್ಬಾಕಿನೇ ಎರಡು ಬಸ್ಸು ಬದಲಿಸಿ ಬರಬೇಕು. ಆ ಚಿಂತಿ ನನಗೂ ಅದ, ಇಲ್ಲ ಅನ್ನಂಗಿಲ್ಲ. ಆದ್ರೂ ನನ್ನ ಮತ ಕಾಲೇಜಿಗೇ. ಕತ್ತಲಿಗೆ ಉಪಾಯ ಅದ: ಗೆಳತ್ಯಾರ ಜೋಡಿ ಬರಬಹುದು, ನಾವೊಬ್ಬರು ಬಸ್ ಸ್ಟಾಪಿಗೆ ಹೋಗಿ ನಿಂದರಬಹುದು. ಕಲಿಸೋರೇ ಇಲ್ಲದ ವಿಷಯಕ್ಕ ಮನಿಯೊಳಗ ಕೂತು ಏನು ಉಪಾಯ ಮಾಡೋದು? ಎರಡೂ ಕಡೆ ಅರ್ಜಿ ಹಾಕೇವಿ, ಎರಡೂ ಕಡೆ ಮಾರ್ಕ್ಸ್ ಮ್ಯಾಲೆ ಸೀಟು ಕೊಡತೇವಿ ಅಂದಾರ. ಆಗಸ್ಟಿನ್ಯಾಗ ರಿಜಲ್ಟ್ ಬಂದ ಮ್ಯಾಲೆ ಕಡೀ ಮಾತು ಆಕಿದೇ.

ವೈನಿ, ನಿಮ್ಮ ಮಗಳೂ ಮುಂದಿನ ವರ್ಷ ಪಿಯುಸಿಗೆ ಬರತಾಳ. ಗೇಟಿಗೆ ಹಚ್ಚಿದ ರ‍್ಯಾಂಕಿನ ಫೋಟೋ ನೋಡಿ ಬರಬ್ಯಾಡ್ರಿ. ಆಕಿಗೆ ಬೇಕಾದ ವಿಷಯ ಕಲಿಸೋರು ಯಾರು, ಅವರು ವರ್ಷಪೂರ್ತಿ ಇರತಾರೇನು, ಆ ಕ್ಲಾಸಿನ್ಯಾಗ ಹುಡುಗ್ಯಾರು ಎಷ್ಟು ಮಂದಿ, ಲ್ಯಾಬಿನ್ಯಾಗ ಅವರ ಕೈಗೂ ಉಪಕರಣ ಕೊಡತಾರೋ ಬರೇ ಬರಕೋ ಅಂತಾರೋ, ಇಷ್ಟು ಕೇಳಿಕೊಂಡು ಬರ‍್ರಿ. ಆಮ್ಯಾಲೆ ಫೀ ಮಾತು, ಬಸ್ಸಿನ ಮಾತು.