ಸೂಪರ್‌ನೋವಾ ವರ್ಗೀಕರಣ

ಹೊಸದಾಗಿ ಪತ್ತೆಯಾದ ನಕ್ಷತ್ರಸ್ಫೋಟದ ಬಗೆಯನ್ನು ಅದರ ಬೆಳಕಿನ ರೋಹಿತದಿಂದ ನಿರ್ಧರಿಸುವ ಖಗೋಳ ವಿಧಾನ. ಗೆಲಾಕ್ಸಿಯೊಂದರ ಹೊಸ ಚಿತ್ರದಿಂದ ಹಳೆಯ ಚಿತ್ರವನ್ನು ಕಳೆದಾಗ ಉಳಿಯುವ ಚುಕ್ಕೆ ಸೂಪರ್‌ನೋವಾ ಇರಬಹುದೆಂಬ ಸುಳಿವು ಮಾತ್ರ. ಅದನ್ನು ಖಚಿತಪಡಿಸುವುದು ರೋಹಿತ. 1941ರಲ್ಲಿ ರುಡಾಲ್ಫ್ ಮಿಂಕೋವ್‌ಸ್ಕಿ ಹಾಕಿದ ವಿಭಜನೆ ಇಂದಿಗೂ ಬುನಾದಿ: ಜಲಜನಕದ ರೇಖೆಗಳಿದ್ದರೆ ಎರಡನೆಯ ಬಗೆ, ಇಲ್ಲದಿದ್ದರೆ ಒಂದನೆಯದು. ಒಂದನೆಯದರಲ್ಲಿ ಸಿಲಿಕಾನ್ ರೇಖೆ ಎದ್ದು ಕಂಡರೆ 1ಎ, ಹೀಲಿಯಂ ಇದ್ದರೆ 1ಬಿ, ಎರಡೂ ಇಲ್ಲದಿದ್ದರೆ 1ಸಿ. 1ಎ ಶ್ವೇತಕುಬ್ಜದ ಉಷ್ಣಪರಮಾಣು ಸ್ಫೋಟ. ಉಳಿದವು ಭಾರಿ ನಕ್ಷತ್ರಗಳ ಗರ್ಭ ಕುಸಿದು ಆಗುವಂಥವು. 1ಎ ಸ್ಫೋಟಗಳು ದೂರದ ಅಳತೆಗೋಲಾಗಿ ಒದಗುವುದರಿಂದ ಬಗೆಯ ನಿರ್ಣಯ ತಪ್ಪಿದರೆ ವಿಶ್ವದ ಹಿಗ್ಗುವಿಕೆಯ ಲೆಕ್ಕವೇ ತಪ್ಪುತ್ತದೆ.

ಕರ್ನಾಟಕದಲ್ಲಿ ಈ ಕೆಲಸದ ಮುಖ್ಯ ನೆಲೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. ಲಡಾಖಿನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿರುವ ಅದರ 2 ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಹೊಸಕೋಟೆಯ ಕ್ರೆಸ್ಟ್ ಕೇಂದ್ರದಿಂದ ಉಪಗ್ರಹ ಸಂಪರ್ಕದ ಮೂಲಕ ನಡೆಸಲಾಗುತ್ತದೆ. 2023ರ ಮೇ 19ರಂದು ಜಪಾನಿನ ಹವ್ಯಾಸಿ ವೀಕ್ಷಕ ಕೊಯಿಚಿ ಇಟಾಗಾಕಿ ಎಂ101 ಗೆಲಾಕ್ಸಿಯಲ್ಲಿ ಪತ್ತೆಹಚ್ಚಿದ ಎಸ್‌ಎನ್ 2023ಐಎಕ್ಸ್‌ಎಫ್ ಎಂಬ ಎರಡನೆಯ ಬಗೆಯ ಸ್ಫೋಟವನ್ನು ಈ ದೂರದರ್ಶಕವೂ ಆಸ್ಟ್ರೋಸ್ಯಾಟ್ ಉಪಗ್ರಹವೂ ಆರಂಭದ ದಿನಗಳಿಂದಲೇ ವೀಕ್ಷಿಸಿದವು.