ಪಕ್ಕದಲ್ಲಿ ಯಾರು ಕೂತಿದ್ರು?

ನಮ್ಮ ಉತ್ತರ ಬೆಂಗಳೂರು, ನಮ್ಮ ಹಿಸ್ಟರಿ | ಭಾಗ 7 👉 ಕೊನೆವರೆಗೂ ಓದಿ

"ಈಗಿನ ಹುಡುಗ್ರಿಗೆ ಏನ್ ಹೇಳಿದ್ರೂ ಬೇಜಾರು" ಅಂತಾರೆ ದೊಡ್ಡವರು. "ನಿಮಗೆ ಜಾತಿ ಬಿಟ್ರೆ ಬೇರೇನೂ ಕಾಣಲ್ಲ" ಅಂತೀವಿ ನಾವು. ಯಾರು ಯಾರ ಜೊತೆ ಬೆಳೆದರು ಅಂತ ನೋಡಿದ್ರೆ ಈ ಜಗಳ ಸ್ವಲ್ಪ ಅರ್ಥ ಆಗುತ್ತೆ.

📌 1915
ಯಲಹಂಕ, ಹೆಬ್ಬಾಳ ಎಲ್ಲ ಆಗ ಮೈಸೂರು ಸಂಸ್ಥಾನದ ಊರುಗಳು. ನಾಲ್ವಡಿ ಕೃಷ್ಣರಾಜ ಒಡೆಯರ್ ಮಹಾರಾಜರು, ವಿಶ್ವೇಶ್ವರಯ್ಯ ದಿವಾನರು. ಜಾತಿ ಕಾರಣಕ್ಕೆ ಯಾವ ಮಗುವನ್ನೂ ಸರ್ಕಾರಿ ಶಾಲೆಯಿಂದ ಹೊರಗಿಡಬಾರದು ಅಂತ ಸರ್ಕಾರ ತೀರ್ಮಾನಿಸಿತು. ಶೃಂಗೇರಿಯಲ್ಲಿ ಜೋರು ವಿರೋಧ ಬಂತು. ಆದರೂ ಸರ್ಕಾರ ಹಿಂದೆ ಸರಿಯಲಿಲ್ಲ.

📌 2002
ಬೆಂಚ್ ಆಯ್ತು, ಇನ್ನು ಊಟ. ಅಕ್ಷರ ದಾಸೋಹ ಮೊದಲು 7 ಜಿಲ್ಲೆಗಳಲ್ಲಿ ಶುರುವಾಗಿ, ಮಾರನೇ ವರ್ಷ ಉಳಿದ ಕಡೆಗೂ ಬಂತು. ಒಂದೇ ಸಾಲು, ಒಂದೇ ಸಾಂಬಾರು. ಅಡುಗೆಯವರು ದಲಿತರು ಅಂತ ಮಕ್ಕಳಿಗೆ ಊಟ ಬೇಡ ಅಂದ ಊರುಗಳೂ ನಮ್ಮ ರಾಜ್ಯದಲ್ಲೇ ಇವೆ. ಆ ಅಸಹ್ಯ ಮಕ್ಕಳ ಹೊಟ್ಟೆಯಲ್ಲಿ ಹುಟ್ಟಿದ್ದಲ್ಲ, ಮನೇಲಿ ಕಲಿಸಿದ್ದು. ಈಗ ಮೊಟ್ಟೆ ಬೇಕಾದವರಿಗೆ ಮೊಟ್ಟೆ, ಬೇಡದವರಿಗೆ ಬಾಳೆಹಣ್ಣು. ಪಕ್ಕದವರ ತಟ್ಟೆ ಬೇರೆ ಇದ್ರೂ ಜೊತೇಲಿ ಉಣ್ಣಬಹುದು ಅನ್ನೋದನ್ನ ಆರು ವರ್ಷದ ಮಗು ದಿನಾ ಕಲಿಯುತ್ತೆ.

📌 2012
ಆರ್‌ಟಿಇ ಕಾಯ್ದೆಯಡಿ ನಮ್ಮ ಖಾಸಗಿ ಶಾಲೆಗಳಲ್ಲೂ 25% ಸೀಟು ಬಡ ಮಕ್ಕಳಿಗೆ ಸಿಗತೊಡಗಿತು. ಮನೆಕೆಲಸದಮ್ಮನ ಮಗ, ಮನೆ ಓನರ್ ಮಗಳು ಒಂದೇ ಕ್ಲಾಸಲ್ಲಿ ಕೂರೋ ಅವಕಾಶ.

📌 2018
ವರ್ಷದ ಕೊನೆಗೆ ರಾಜ್ಯ ಸರ್ಕಾರ ನಿಯಮ ಬದಲಿಸಿತು. ಹತ್ತಿರದಲ್ಲೇ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆ ಆ ಸೀಟು ಕೊಡಬೇಕಿಲ್ಲ. 2019ರಲ್ಲಿ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ಸರ್ಕಾರಿ ಶಾಲೆಗಳು ಹತ್ತಿರವೇ ಇರುವ ಬೆಂಗಳೂರಿನಂಥ ಊರಲ್ಲಿ ಇದರರ್ಥ ಏನು, ನೀವೇ ಯೋಚಿಸಿ.

ಹೆಬ್ಬಾಳ ಫ್ಲೈಓವರ್ ದಾಟಿ ಥಣಿಸಂದ್ರದ ಕಡೆ ಹೋಗಿ. ದೊಡ್ಡ ಅಪಾರ್ಟ್‌ಮೆಂಟು, ಅದನ್ನ ಕಟ್ಟೋಕೆ ಯಾದಗಿರಿ, ರಾಯಚೂರಿಂದ ಬಂದವರ ತಗಡಿನ ಶೆಡ್ಡು. ನಡುವೆ ಒಂದೇ ಕಾಂಪೌಂಡ್. ಆದ್ರೆ ಎರಡೂ ಕಡೆ ಮಕ್ಕಳಿಗೆ ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿಲ್ಲ.

ಸ್ಟೋರಿಯಲ್ಲಿ ಸಮಾನತೆ ಬಗ್ಗೆ ಹಾಕೋದು ನಮ್ಮ ಜನರೇಶನ್‌ಗೆ ಚೆನ್ನಾಗಿ ಬರುತ್ತೆ. ಒಳ್ಳೇದೇ. ಆದ್ರೆ ಬೇರೆಯವರ ನೋವು ತಟ್ಟಬೇಕಂದ್ರೆ ಅವರ ಜೊತೆ ಟಿಫಿನ್ ಹಂಚಿಕೊಂಡು, ಜಗಳ ಆಡಿ, ಮತ್ತೆ ರಾಜಿ ಆಗಿರಬೇಕು. ಆ ಬೆಂಚನ್ನ 1915ರಲ್ಲಿ ಗದ್ದಲದ ನಡುವೆ ಹಾಕಿದ್ರು. ನಮ್ಮ ಕಾಲದಲ್ಲಿ ಸದ್ದಿಲ್ಲದೆ ಎತ್ತಿಟ್ರು.

💬 ಒಂದನೇ ಕ್ಲಾಸಲ್ಲಿ ನಿಮ್ಮ ಪಕ್ಕ ಕೂರ್ತಿದ್ದವರ ಮನೆಯವರು ಏನ್ ಕೆಲಸ ಮಾಡ್ತಿದ್ರು? ಹೆಸರು ಬೇಡ, ಅಷ್ಟೇ ಬರೀರಿ.

#ಉತ್ತರಬೆಂಗಳೂರು #ಯಲಹಂಕ #ಹೆಬ್ಬಾಳ #ಕನ್ನಡಹಿಸ್ಟರಿ